ಒಂದು ಕಂಬಳದಲ್ಲಿ ಮೆಡಲ್, ಮುಂದಿನದರಲ್ಲಿ ಮೊದಲ ಸುತ್ತಿಗೇ ಹೊರಗೆ. ಈ ಕೋಣದ ಜೋಡಿಯನ್ನು ಮಾರಬೇಕಾ?

ಈಗಲೇ ಮಾರಬೇಡಿ. ನೇಗಿಲು ಕಿರಿಯ ವಿಭಾಗದಲ್ಲಿ ಓಡುವ ನಿಮ್ಮ ಜೋಡಿ ಒಂದೇ ಸೀಸನ್‌ನಲ್ಲಿ ಎರಡು ಕಡೆ ಮೆಡಲ್ ತಂದು, ನಾಲ್ಕು ಕಡೆ ಮೊದಲ ಸುತ್ತಲ್ಲೇ ಸೋತಿದೆ ಅಂತ ಬರೆದಿದ್ದೀರಿ. ಎರಡು ಸಲ ಗೆದ್ದ ಕೋಣಗಳಿಗೆ ಓಟ ಗೊತ್ತಿದೆ. ಉಳಿದ ನಾಲ್ಕು ಸಲ ಏನು ಅಡ್ಡ ಬಂತು ಅಂತ ಹುಡುಕಬೇಕು.

ಮೊದಲು ಮೆಡಲ್ ಲೆಕ್ಕ ಬಿಡಿ, ಟೈಮ್ ಬರೆದಿಡಿ. ಅದೂ ಕರೆಯ (ಕೋಣ ಓಡುವ ಕೆಸರು ಟ್ರ್ಯಾಕ್‌ನ) ಉದ್ದದ ಜೊತೆಗೆ, ಯಾಕಂದ್ರೆ ಒಂದೊಂದು ಊರಿನ ಕರೆ ಒಂದೊಂದು ಉದ್ದ. 2020ರಲ್ಲಿ ಐಕಳದ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಜನ ಅದನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡ್ ಅಂದರಲ್ವಾ? ನಿಮ್ಮ ಆರೂ ಕಡೆಯ ಓಟಗಳನ್ನು ಹಾಗೆಯೇ ಇಳಿಸಿ ನೋಡಿ. ಕರೆಯ ನೀರು, ಕೆಸರಿನಿಂದ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಆದರೂ ಸೋತ ದಿನದ ಟೈಮ್ ಗೆದ್ದ ದಿನದ ಹತ್ತಿರವೇ ಇದ್ದರೆ, ಪಕ್ಕದ ಕರೆಯ ಜೋಡಿ ಅವತ್ತು ಜೋರಿತ್ತು, ಅಷ್ಟೇ.

ಟೈಮ್ ನಿಜವಾಗಿಯೂ ಬಿದ್ದಿದ್ದರೆ ಜೋಡಿಯನ್ನು ಒಂದಾಗಿ ನೋಡಬೇಡಿ. ಎಡದ್ದನ್ನೇ ಬೇರೆ, ಬಲದ್ದನ್ನೇ ಬೇರೆ ನೋಡಿ. ಇದನ್ನು ನಾವು ತುಂಬ ತಡವಾಗಿ ಕಲಿತೆವು. ಶಿರ್ವದ ನನ್ನ ಮಾವನ ಮನೆಯ ಜೋಡಿಯೂ ಹೀಗೇ ಏರುಪೇರಾಗಿ ಓಡುತ್ತಿತ್ತು. ಓಟಗಾರರದ್ದೇ ತಪ್ಪು ಅಂತ ಎರಡು ಸಲ ಓಟಗಾರರನ್ನು ಬದಲಾಯಿಸಿದೆವು. ಆಮೇಲೆ ದಿನಾ ಕೋಣ ಮೀಯಿಸುವ ಹುಡುಗ ಹೇಳಿದ, ಎಡದ್ದು ಹಿಂಗಾಲನ್ನು ಮೆಲ್ಲ ಊರುತ್ತದೆ ಅಂತ. ನೋಡಿದರೆ ಗೊರಸಿನಲ್ಲಿ ಬಿರುಕು. ಮೆತ್ತಗಿನ ಕರೆಯಲ್ಲಿ ನೋವು ತಡೆದುಕೊಂಡು ಓಡುತ್ತಿತ್ತು. ಕೆಳಗೆ ಗಟ್ಟಿ ಸಿಕ್ಕಿದ ಕಡೆ ನಿಧಾನ ಮಾಡುತ್ತಿತ್ತು, ಬಲದ್ದು ನೊಗ ಎಳೆದುಕೊಂಡು ಓರೆಯಾಗುತ್ತಿತ್ತು. ಆ ಮೂಕಪ್ರಾಣಿಯನ್ನು ಅಷ್ಟು ದಿನ ನೋವಲ್ಲೇ ಓಡಿಸಿದೆವಲ್ಲ ಅಂತ ಮಾವ ಅವತ್ತು ಊಟ ಮಾಡಲಿಲ್ಲ. ಪಶುವೈದ್ಯರು ಹೇಳಿದಷ್ಟು ದಿನವೂ ಹಟ್ಟಿಯಲ್ಲೇ ಬಿಟ್ಟೆವು. ಮುಂದಿನ ಸೀಸನ್‌ನಲ್ಲಿ ಗಂತಿನಿಂದ (ಓಟ ಶುರುವಾಗುವ ಜಾಗ) ಮಂಜೊಟ್ಟಿವರೆಗೆ (ಓಟ ಮುಗಿಯುವ ಜಾಗ) ಎರಡೂ ಒಂದೇ ಗೆರೆಯಲ್ಲಿ ಬಂದವು.

ಹಾಗಾಗಿ ವಿಡಿಯೋ ಇದ್ದರೆ ನಿಧಾನ ಮಾಡಿ ನೋಡಿ. ಗಂತಿನಲ್ಲಿ ಯಾವುದು ಮೊದಲು ಹಾರುತ್ತದೆ? ಕೊನೆಯ ಮೂವತ್ತು ನಲವತ್ತು ಮೀಟರಿನಲ್ಲಿ ಯಾವುದರ ತಲೆ ಹಿಂದೆ ಬೀಳುತ್ತದೆ? ಸೋತ ನಾಲ್ಕೂ ಕಡೆ ಒಂದೇ ಕೋಣ ಹಿಂದಿದ್ದರೆ ನಿಮಗೆ ಉತ್ತರ ಸಿಕ್ಕಿತು.

ಓಡಿದ ಹೊತ್ತನ್ನೂ ಬರೆಯಿರಿ. ಕೋಣದ ಮೈ ಕಪ್ಪು, ಬೆವರು ಗ್ರಂಥಿ ಕಡಿಮೆ. ಫೆಬ್ರವರಿ ಮಾರ್ಚಿನ ಮಧ್ಯಾಹ್ನ ಬಿಸಿಲಲ್ಲಿ ಸೋತದ್ದು ರಾತ್ರಿ ತಂಪಿನಲ್ಲಿ ಗೆಲ್ಲಬಹುದು. ಪ್ರತಿ ವಾರ ಲಾರಿ ಹತ್ತಿಸಿದರೂ ಸುಸ್ತು ಉಳಿಯುತ್ತದೆ. ನನ್ನನ್ನು ಕೇಳಿದರೆ ಒಂದು ವಾರ ಬಿಟ್ಟು ಒಂದು ವಾರ ಸಾಕು.

ಮುಂದಿನ ಭವಿಷ್ಯಕ್ಕೆ ಹಲ್ಲು ನೋಡಿ. ಕೆಳಗಿನ ಮುಂದಿನ ಎಂಟೂ ಶಾಶ್ವತ ಹಲ್ಲು ಬಂದಿಲ್ಲ ಅಂದರೆ ಮೈ ಇನ್ನೂ ತುಂಬಬೇಕು, ಆ ವಯಸ್ಸಿನಲ್ಲಿ ಏರುಪೇರು ಸಹಜ. ಹಲ್ಲು ತುಂಬಿ, ಕಾಲು ಸರಿಯಿದ್ದೂ ಒಂದು ಕೋಣ ಹಿಂದೆಯೇ ಉಳಿದರೆ ಜೋಡಿ ಬದಲಾಯಿಸಿ. ಚೆನ್ನಾಗಿ ಓಡುವುದನ್ನು ಮಾತ್ರ ಕೊಡಬೇಡಿ.

ಸೀಸನ್ ಶುರುವಾಗುವ ನವೆಂಬರಿಗೆ ಮೊದಲು ನಾಲ್ಕು ಕಾಲಿನ ಗೊರಸನ್ನೂ ತೊಳೆದು ಪಶುವೈದ್ಯರಿಗೆ ಒಮ್ಮೆ ತೋರಿಸಿ. ಏನು ಸಿಕ್ಕಿತು ಅಂತ ಇಲ್ಲೇ ಬರೆಯಿರಿ.