ಸೂತ್ರ ಬಾಯಿಪಾಠ ಇದ್ದರೂ ಪಿಯುಸಿ ಮಾಪನ, ಮೆಕ್ಯಾನಿಕ್ಸ್ ಲೆಕ್ಕಗಳು ತಪ್ಪುವುದೇಕೆ?

ಪ್ರಥಮ ಪಿಯುಸಿ ಭೌತಶಾಸ್ತ್ರದ ಸೂತ್ರಗಳೆಲ್ಲ ನೆನಪಿವೆ, ಆದರೂ ಲೆಕ್ಕದ ಉತ್ತರ ತಾಳೆಯಾಗುತ್ತಿಲ್ಲ, ಎಲ್ಲಿ ಎಡವುತ್ತಿದ್ದೇನೆ ಎಂದು ಕೇಳಿದ್ದೀರಿ. ಬಹುಪಾಲು ತಪ್ಪು ಸೂತ್ರಕ್ಕೆ ಬೆಲೆ ತುಂಬುವ ಮೊದಲೇ ಆಗಿರುತ್ತದೆ. ಕೊಟ್ಟ ಸಂಖ್ಯೆ ಯಾವುದಕ್ಕೆ ಸೇರಿದ್ದು, ಅದರ ಚಿಹ್ನೆ ಏನು, ಈ ಸೂತ್ರ ಇಲ್ಲಿ ನಡೆಯುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಮಾಪನದಿಂದ ಶುರು ಮಾಡೋಣ. ಸರಳ ಲೋಲಕದ ಉದ್ದ 98.0 ಸೆಂ.ಮೀ., ಅದರಲ್ಲಿ ದೋಷ 0.1 ಸೆಂ.ಮೀ. 20 ಆಂದೋಲನಗಳಿಗೆ 39.7 ಸೆಕೆಂಡ್, ದೋಷ 0.2 ಸೆಕೆಂಡ್. ಗುರುತ್ವ ವೇಗೋತ್ಕರ್ಷ ಎಷ್ಟು? ಒಂದು ಆಂದೋಲನದ ಅವಧಿ 1.985 ಸೆಕೆಂಡ್ ಎಂದು ಬರೆದ ಕೂಡಲೇ ಹಲವರು 0.2 ಅನ್ನು 1.985ರಿಂದ ಭಾಗಿಸಿ 10% ದೋಷ ತೋರಿಸುತ್ತಾರೆ. ಆ 0.2 ಸೆಕೆಂಡ್ ಇರುವುದು ಒಟ್ಟು 39.7 ಸೆಕೆಂಡಿನಲ್ಲಿ. ಒಂದು ಆಂದೋಲನಕ್ಕೆ ಬರುವ ಪಾಲು 0.01 ಸೆಕೆಂಡ್ ಮಾತ್ರ. ಹಾಗಾಗಿ ಅವಧಿಯ ದೋಷ ಸುಮಾರು 0.5%. ಸೂತ್ರದಲ್ಲಿ (4π² × ಉದ್ದ ÷ ಅವಧಿ²) ಅವಧಿಯ ವರ್ಗ ಇರುವುದರಿಂದ ಅದು 1% ಆಗುತ್ತದೆ. ಉದ್ದದ 0.1% ಸೇರಿಸಿದರೆ ಒಟ್ಟು 1.1%. ಅವಧಿ ಛೇದದಲ್ಲಿದೆ ಅಂತ ಅದರ ದೋಷವನ್ನು ಕಳೆಯಬೇಡಿ. ಗರಿಷ್ಠ ದೋಷ ಕೇಳಿದಾಗ ಎಲ್ಲವನ್ನೂ ಕೂಡಲೇಬೇಕು. ಕ್ಯಾಲ್ಕುಲೇಟರ್ 9.8189 ತೋರಿಸುತ್ತದೆ, ದೋಷ 0.109 ಬರುತ್ತದೆ. ಬರೆಯಬೇಕಾದದ್ದು 9.8 ± 0.1 ಮೀ/ಸೆ². ದೋಷ ಮೊದಲ ದಶಮಾಂಶ ಸ್ಥಾನದಲ್ಲೇ ಇರುವಾಗ ಅದರ ಹಿಂದಿನ 189ಕ್ಕೆ ಬೆಲೆಯಿಲ್ಲ.

ಸ್ಕ್ರೂ ಗೇಜ್ ಲೆಕ್ಕದಲ್ಲಿ ತಪ್ಪುವುದು ಝೀರೋ ಎರರ್ (ಏನೂ ಇಡದಿದ್ದಾಗಲೂ ಉಪಕರಣ ಸೊನ್ನೆ ತೋರಿಸದಿರುವ ದೋಷ) ಚಿಹ್ನೆ. ಲೀಸ್ಟ್ ಕೌಂಟ್ (ಹೆಡ್ ಸ್ಕೇಲಿನ ಒಂದು ವಿಭಾಗದ ಬೆಲೆ) 0.01 ಮಿ.ಮೀ., ಪಿಚ್ ಸ್ಕೇಲ್ 2 ಮಿ.ಮೀ., ಹೆಡ್ ಸ್ಕೇಲ್ 36 ಎಂದಿರಲಿ. ಬಾಯಿ ಮುಚ್ಚಿದಾಗಲೇ ಹೆಡ್ ಸ್ಕೇಲ್ 4 ತೋರಿಸಿದರೆ ಅದು ಹೆಚ್ಚು ತೋರಿಸುವ ಉಪಕರಣ, 36ರಿಂದ 4 ಕಳೆಯಿರಿ: 2.32 ಮಿ.ಮೀ. ಸೊನ್ನೆ ಗೆರೆ ದಾಟಿಹೋಗಿ 97 ತೋರಿಸಿದರೆ (100 ವಿಭಾಗಗಳಿದ್ದಾಗ) 3 ಕೂಡಿ: 2.39 ಮಿ.ಮೀ. ಇನ್ನು ಏಕಮಾನ ಪರಿವರ್ತನೆಯಲ್ಲಿ ಒಂದೇ ಎಚ್ಚರ: ಚದರ ಸೆಂ.ಮೀ. ಅನ್ನು ಚದರ ಮೀಟರ್ ಮಾಡಲು 10⁻⁴, 10⁻² ಅಲ್ಲ.

ಮೇಲಕ್ಕೆ ಎಸೆದ ಕಲ್ಲಿನ ಲೆಕ್ಕಕ್ಕೆ ಬನ್ನಿ. 40 ಮೀ. ಎತ್ತರದ ಕಟ್ಟಡದ ತುದಿಯಿಂದ 10 ಮೀ/ಸೆ ವೇಗದಲ್ಲಿ ನೇರ ಮೇಲಕ್ಕೆ ಎಸೆದರೆ ನೆಲ ಮುಟ್ಟಲು ಎಷ್ಟು ಹೊತ್ತು? ಏರುವುದು ಒಂದು, ಇಳಿಯುವುದು ಒಂದು ಎಂದು ಎರಡು ಲೆಕ್ಕ ಮಾಡುವ ಅಗತ್ಯವೇ ಇಲ್ಲ. ಮೇಲ್ದಿಕ್ಕು ಧನ ಎಂದು ಕಾಗದದ ಅಂಚಿನಲ್ಲಿ ಬಾಣ ಹಾಕಿ. ಆಗ ಸ್ಥಾನಪಲ್ಲಟ −40, ಆರಂಭಿಕ ವೇಗ +10, ವೇಗೋತ್ಕರ್ಷ −10 (ಇಲ್ಲಿ ಸುಲಭಕ್ಕೆ 9.8 ಬದಲು 10), ಸಮಯ ಟಿ. ಸಮೀಕರಣ −40 = 10ಟಿ − 5ಟಿ², ಅಂದರೆ ಟಿ² − 2ಟಿ − 8 = 0. ಟಿ = 4 ಸೆಕೆಂಡ್; −2 ಬಿಟ್ಟುಬಿಡಿ. ಸ್ಥಾನಪಲ್ಲಟವನ್ನು +40 ಎಂದು ತುಂಬಿದರೆ ವರ್ಗಮೂಲದೊಳಗೆ ಋಣ ಸಂಖ್ಯೆ ಬರುತ್ತದೆ. ಹಾಗೆ ಬಂದರೆ ಚಿಹ್ನೆ ಕೆಟ್ಟಿದೆ ಎಂದೇ ಲೆಕ್ಕ.

ನನ್ನ ಪ್ರಕಾರ ಹೆಚ್ಚು ಅಂಕ ಹೋಗುವುದು ಘರ್ಷಣೆಯಲ್ಲಿ. ನೆಲದ ಮೇಲೆ 5 ಕೆ.ಜಿ. ಬ್ಲಾಕ್ ಇದೆ, ಸ್ಥಾಯಿ ಘರ್ಷಣಾಂಕ 0.4, ಚಲನ ಘರ್ಷಣಾಂಕ 0.3. 15 ನ್ಯೂಟನ್ ಬಲದಿಂದ ಅಡ್ಡಲಾಗಿ ಎಳೆದರೆ ಘರ್ಷಣೆ ಎಷ್ಟು? ಬ್ಲಾಕಿನ ತೂಕ 5 × 9.8 = 49 ನ್ಯೂಟನ್ ಹಿಡಿದು 0.4 × 49 = 19.6 ಎಂದು ಬರೆದು, 15ರಿಂದ ಕಳೆದು, ಋಣ ವೇಗೋತ್ಕರ್ಷ ತೋರಿಸುವವರು ಬಹಳ. ಮುಂದಕ್ಕೆ ಎಳೆದ ಬ್ಲಾಕ್ ಹಿಂದಕ್ಕೆ ಹೋಗುತ್ತದೆಯೇ? 19.6 ಎಂಬುದು ಸ್ಥಾಯಿ ಘರ್ಷಣೆಯ ಮೇಲ್ಮಿತಿ. ಎಳೆತ ಅದಕ್ಕಿಂತ ಕಡಿಮೆ ಇರುವವರೆಗೆ ಘರ್ಷಣೆ ಎಳೆತಕ್ಕೆ ಸಮ, ಇಲ್ಲಿ 15 ನ್ಯೂಟನ್, ವೇಗೋತ್ಕರ್ಷ ಸೊನ್ನೆ. ಎಳೆತ 25 ಆದರೆ ಬ್ಲಾಕ್ ಹೊರಡುತ್ತದೆ. ಆಗ ಚಲನ ಘರ್ಷಣೆ 14.7, ವೇಗೋತ್ಕರ್ಷ 10.3/5 = 2.06 ಮೀ/ಸೆ².

ಅದೇ 25 ನ್ಯೂಟನ್ ಅನ್ನು 30° ಮೇಲ್ಮುಖವಾಗಿ ಎಳೆಯಿರಿ. ಇಲ್ಲೂ ಲಂಬ ಪ್ರತಿಕ್ರಿಯೆ (ನೆಲ ಬ್ಲಾಕನ್ನು ಮೇಲಕ್ಕೆ ಒತ್ತುವ ಬಲ) 49 ಎಂದು ತುಂಬಿದಿರೋ, ಕೆಟ್ಟಿತು. ಎಳೆತದ ಲಂಬ ಘಟಕ 12.5 ಬ್ಲಾಕನ್ನು ಎತ್ತುತ್ತಿದೆ, ನೆಲಕ್ಕೆ ಉಳಿದ ಹೊರೆ 36.5. ಮೇಲ್ಮಿತಿ 14.6ಕ್ಕೆ ಇಳಿಯಿತು, ಅಡ್ಡ ಘಟಕ 21.65, ಹಾಗಾಗಿ ಚಲಿಸುತ್ತದೆ. ಚಲನ ಘರ್ಷಣೆ 10.95, ವೇಗೋತ್ಕರ್ಷ 2.14. ಓರೆಯಾಗಿ ಎಳೆದರೂ ಮೊದಲಿಗಿಂತ ಸ್ವಲ್ಪ ಹೆಚ್ಚೇ ಬಂತು. ಫ್ರೀ ಬಾಡಿ ಡಯಾಗ್ರಾಂ (ವಸ್ತುವಿನ ಮೇಲಿನ ಎಲ್ಲ ಬಲಗಳನ್ನು ಬಾಣಗಳಲ್ಲಿ ತೋರಿಸುವ ಚಿತ್ರ) ಬಿಡಿಸದೆ ಇದು ಕಾಣುವುದಿಲ್ಲ. ಐದು ಅಂಕದ ಲೆಕ್ಕದಲ್ಲಿ ಸೂತ್ರ, ಬೆಲೆ ತುಂಬಿದ್ದು, ಏಕಮಾನ ಸಹಿತ ಉತ್ತರ ಹೀಗೆ ಹಂತಹಂತಕ್ಕೆ ಅಂಕ ಇರುವುದರಿಂದ, ಬರೀ ಅಂತಿಮ ಸಂಖ್ಯೆ ಬರೆದು ಬರಬೇಡಿ.

ಸಿಇಟಿಗೆ ದಾರಿ ಬೇರೆ. ಭೌತಶಾಸ್ತ್ರದ 60 ಪ್ರಶ್ನೆಗೆ 80 ನಿಮಿಷ, ಕ್ಯಾಲ್ಕುಲೇಟರ್ ಇಲ್ಲ, ತಪ್ಪು ಉತ್ತರಕ್ಕೆ ಅಂಕ ಕಡಿತವೂ ಇಲ್ಲ. ಅಲ್ಲಿ ಮೊದಲು ಅಸಾಧ್ಯ ಆಯ್ಕೆಗಳನ್ನು ಹೊಡೆದುಹಾಕಿ. ರಾಟೆಯ ಮೇಲೆ ಹಗುರ ದಾರದಲ್ಲಿ 3 ಕೆ.ಜಿ., 2 ಕೆ.ಜಿ. ತೂಗಿಬಿಟ್ಟ ಲೆಕ್ಕ ತೆಗೆದುಕೊಳ್ಳಿ. ಹಗುರವಾದದ್ದು ಮೇಲೆ ಹೋಗಬೇಕಾದರೆ ದಾರದ ಎಳೆತ ಅದರ ತೂಕ 19.6ಕ್ಕಿಂತ ಹೆಚ್ಚಿರಬೇಕು, ಭಾರವಾದದ್ದು ಕೆಳಗಿಳಿಯಬೇಕಾದರೆ ಅದರ ತೂಕ 29.4ಕ್ಕಿಂತ ಕಡಿಮೆ ಇರಬೇಕು. ಈ ನಡುವೆ ಒಂದೇ ಆಯ್ಕೆ ಇದ್ದರೆ ಗುರುತು ಹಾಕಿ ಮುಂದೆ ಹೋಗಿ. ಎರಡಿದ್ದರೆ ಮಾತ್ರ ಲೆಕ್ಕ ಮಾಡಿ: ವೇಗೋತ್ಕರ್ಷ 9.8/5 = 1.96, ಎಳೆತ 2 × (9.8 + 1.96) = 23.52 ನ್ಯೂಟನ್. 3 ಕೆ.ಜಿ. ಕಡೆಯಿಂದ 3 × (9.8 − 1.96) ಮಾಡಿದರೂ ಅದೇ 23.52 ಬರಬೇಕು.