ಅಟ್ಟದಲ್ಲಿ ಮಲಗಬಹುದೇ? ಮಾಳಿಗೆ ಮೇಲೆ ಕಟ್ಟಬಹುದೇ?

ಪ್ರಶ್ನೆ: ಸರ್, ನಮ್ಮದು ಬಳ್ಳಾರಿಯ ಹಳೇ ಕಲ್ಲಿನ ಮನೆ, ಮಣ್ಣಿನ ಮಾಳಿಗೆ. ನಡುಮನೆಯ ಎತ್ತರ ಹದಿನಾಲ್ಕೂವರೆ ಅಡಿ. ಎಂಟು ಅಡಿಗೆ ಹಲಗೆ ಅಟ್ಟ ಇದೆ, ಈಗ ಹಂಡೆ, ಹಳೇ ಪೆಟ್ಟಿಗೆ ಇಟ್ಟಿದ್ದೇವೆ. ಅದನ್ನೇ ಮಗನಿಗೆ ಓದುವ, ಮಲಗುವ ಕೋಣೆ ಮಾಡಬೇಕೆಂದಿದ್ದೇವೆ. ಪಾಲಿಕೆಯ ಅನುಮತಿ ಬೇಕೆ? ಆಗದಿದ್ದರೆ ಮಾಳಿಗೆ ಮೇಲೆ ಕಟ್ಟಬಹುದೆ?

ಉತ್ತರ: ಮೊದಲು ಟೇಪು ಹಿಡಿಯಿರಿ, ಅರ್ಜಿ ಆಮೇಲೆ. ನಿಯಮದ ಕಣ್ಣಿನಲ್ಲಿ ಅಟ್ಟ ಅಂದರೆ ಸಾಮಾನು ಇಡುವ ಜಾಗ. ಅದರ ಎತ್ತರ 1.5 ಮೀಟರ್, ಅಂದರೆ ಐದು ಅಡಿ ದಾಟಬಾರದು. ಮನುಷ್ಯರು ಇರುವ ನಡು ಅಂತಸ್ತು ಆದರೆ ಅದು ಮೆಜನೈನ್. ಅದಕ್ಕೆ ಕನಿಷ್ಠ 2.2 ಮೀಟರ್ (ಏಳೂಕಾಲು ಅಡಿ) ಎತ್ತರ ಬೇಕು, ವಿಸ್ತೀರ್ಣ ಆ ಅಂತಸ್ತಿನ ಮೂರನೇ ಒಂದು ಭಾಗ ಮೀರಬಾರದು. ವಾಸದ ಕೋಣೆಯಾಗಿ ಬಳಸುವುದಾದರೆ 9.5 ಚದರ ಮೀಟರ್, ಹತ್ತಿರ ಹತ್ತಿರ 102 ಚದರ ಅಡಿಯಾದರೂ ಇರಬೇಕು. ಕೆಳಗಿನ ನಡುಮನೆಗೂ 2.75 ಮೀಟರ್, ಅಂದರೆ ಒಂಬತ್ತು ಅಡಿ ಉಳಿಯಬೇಕು. ಒಂಬತ್ತು, ಅಟ್ಟದ ದಪ್ಪ ಅರ್ಧ, ಮೇಲೆ ಏಳೂಕಾಲು: ಒಟ್ಟು ಹದಿನಾರೂಮುಕ್ಕಾಲು ಅಡಿ. ನಿಮ್ಮಲ್ಲಿರುವುದು ಹದಿನಾಲ್ಕೂವರೆ. ಎರಡೂಕಾಲು ಅಡಿ ಕಡಿಮೆ ಬಿದ್ದ ಮೇಲೆ ಯಾವ ಎಂಜಿನಿಯರ್ ನಕ್ಷೆ ಬರೆದರೂ ಅದು ಮಲಗುವ ಕೋಣೆ ಆಗುವುದಿಲ್ಲ.

ಗಾಳಿ ಬೆಳಕಿನ ಲೆಕ್ಕವೂ ಸೇರುವುದಿಲ್ಲ. ಬಳ್ಳಾರಿಯಂಥ ಒಣ ಬಿಸಿಲ ನಾಡಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು ನೆಲದ ಹತ್ತನೇ ಒಂದು ಭಾಗದಷ್ಟು ಕಿಟಕಿ. 102 ಚದರ ಅಡಿಗೆ ಹತ್ತು ಚದರ ಅಡಿಗಿಂತ ಸ್ವಲ್ಪ ಹೆಚ್ಚು. ಒಂದೂವರೆ ಅಡಿ ಚೌಕದ ಬೆಳಕಿಂಡಿ ಇದ್ದರೂ ಅದು ಕೊಡುವುದು ಎರಡೂಕಾಲು ಚದರ ಅಡಿ ಮಾತ್ರ. ಕೋಣೆಯ ಬಿಸಿಗಾಳಿಯೆಲ್ಲ ಏರಿ ನಿಲ್ಲುವುದು ಅಟ್ಟದಲ್ಲೇ ಎಂಬುದನ್ನು ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಅಲ್ಲಿ ಕೂತು ನೋಡಿದರೆ ಸಾಕು.

ಸಾಮಾನಿಗೇ ಇಟ್ಟುಕೊಂಡರೂ ಒಂದು ಪರೀಕ್ಷೆ ಮಾಡಿ. ಅಟ್ಟದ ಜಂತಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಗೋಣಿಚೀಲ ಹೊಲಿಯುವ ದಬ್ಬಳದಿಂದ ಚುಚ್ಚಿ. ಗಟ್ಟಿ ಮರವಾದರೆ ಮೊನೆ ಮಾತ್ರ ನಾಟುತ್ತದೆ. ಅರ್ಧ ಇಂಚು ಸಲೀಸಾಗಿ ಇಳಿದರೆ ಒಳಗೆ ಗೆದ್ದಲೋ ತೇವವೋ ಕೆಲಸ ಮುಗಿಸಿದೆ ಎಂದು ಅರ್ಥ. ನಡುವೆ ಮರ ಎಷ್ಟೇ ಚೆನ್ನಾಗಿ ಕಂಡರೂ ಕೊಳೆಯುವುದು ಗೋಡೆಯೊಳಗಿನ ತುದಿ.

ಮಾಳಿಗೆ ಮೇಲಿನ ಮಾತು. ಹತ್ತು ಇಂಚು ಮಣ್ಣಿದ್ದರೆ ಒಂದು ಚದರ ಮೀಟರಿಗೆ ನಾನೂರು ಕಿಲೋ ದಾಟುತ್ತದೆ, ನೆನೆದರೆ ಇನ್ನೂ ಹೆಚ್ಚು. ತೊಲೆಗಳು ಈಗಾಗಲೇ ಹೊರುತ್ತಿರುವ ಭಾರ ಅದು. ಅದರ ಮೇಲೆ ಗೋಡೆ ಎಬ್ಬಿಸುವಂತಿಲ್ಲ. ಮಣ್ಣು, ಹಲಗೆ, ತೊಲೆ ತೆಗೆದು ಗೋಡೆಗಳ ಮೇಲೆ ಸುತ್ತ ಕಾಂಕ್ರೀಟ್ ಪಟ್ಟಿ ಹಾಕಿ ಸ್ಲ್ಯಾಬ್ ಕೂರಿಸಿದ ಮೇಲಷ್ಟೇ ಕೋಣೆಯ ಮಾತು. ಇದಕ್ಕೆ 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ 299ನೇ ಪ್ರಕರಣದಡಿ ಅನುಮತಿ ಪಡೆಯಲೇಬೇಕು. ಮಣ್ಣು ತೆಗೆಯುವಾಗ ಆಳುಗಳು ಅದನ್ನು ಮಾಳಿಗೆಯ ಒಂದೇ ಮೂಲೆಗೆ ಗುಡ್ಡೆ ಹಾಕುತ್ತಾರೆ. ಆ ಗುಡ್ಡೆಯ ಕೆಳಗೇ ತೊಲೆ ಮುರಿಯುವುದು. ತೆಗೆದದ್ದನ್ನು ಅಂದಂದೇ ಕೆಳಗಿಳಿಸಿ. ಕಲ್ಲಿನ ಗೋಡೆ ಕೆಸರಿನಲ್ಲಿ ಕಟ್ಟಿದ್ದಾದರೆ ಮೇಲೆ ಬಚ್ಚಲು ಬೇಡವೇ ಬೇಡ. ಸೋರಿದ ನೀರು ಸಂದಿನ ಮಣ್ಣನ್ನು ಕರಗಿಸಿದರೆ ಎರಡು ಅಡಿ ದಪ್ಪದ ಗೋಡೆಯೂ ಹೊಟ್ಟೆ ಬಿಡುತ್ತದೆ.

ಪ್ರಶ್ನೆ: ಭಾಗ್ಯನಗರ, ಕೊಪ್ಪಳ. 30×40 ನಿವೇಶನ, ಪಿಲ್ಲರ್ ಇಲ್ಲದ ಇಟ್ಟಿಗೆ ಮನೆ, ಆರ್‌ಸಿಸಿ ಛತ್ತು, ಹನ್ನೆರಡು ವರ್ಷ ಆಯಿತು. ಎರೆ ಭೂಮಿ. ಕಿಟಕಿ ಮೂಲೆಗಳಲ್ಲಿ ಓರೆ ಬಿರುಕು ಇದೆ. ಮೇಲೆ ಎರಡು ಕೋಣೆ ಆರಾಮ ಹಾಕಬಹುದು ಅಂತ ಮೇಸ್ತ್ರಿ ಹೇಳುತ್ತಾರೆ.

ಉತ್ತರ: ಮೇಸ್ತ್ರಿ ನೋಡಿದ್ದು ಛತ್ತನ್ನು, ನೋಡಬೇಕಾದದ್ದು ಬುನಾದಿಯನ್ನು. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬುನಾದಿ ಅದರ ಜೊತೆ ಏರಿ ಇಳಿದರೆ ಕಿಟಕಿ ಮೂಲೆಯಿಂದ ಮೆಟ್ಟಿಲಿನಂತೆ ಬಿರುಕು ಓಡುತ್ತದೆ. ಅದು ಜೀವಂತ ಬಿರುಕೋ ಹಳೆಯದೋ ತಿಳಿಯಲು ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಅಂಟಿಸಿ ತಾರೀಕು ಬರೆಯಿರಿ. ರೋಹಿಣಿ ಮಳೆಗೆ ಮುಂಚೆ ಅಂಟಿಸಿದ್ದು ಸ್ವಾತಿ ಮಳೆ ದಾಟಿದರೂ ಒಡೆಯದಿದ್ದರೆ ಸಮಾಧಾನ. ಒಡೆದರೆ ಮೇಲಂತಸ್ತು ಬದಿಗಿಡಿ, ಮೊದಲು ಬುನಾದಿಗೆ ನೀರು ಹೋಗುವ ದಾರಿ ಹುಡುಕಿ: ಸೋರುವ ಪೈಪು, ಗೋಡೆಗೆ ಅಂಟಿದ ಗಿಡದ ಪಾತಿ, ಛತ್ತಿನ ನೀರು ಬೀಳುವ ಜಾಗ. ಮನೆ ಸುತ್ತ ಮೂರು ಅಡಿ ಅಗಲದ ಕಾಂಕ್ರೀಟ್ ಹಾಸು ಹೊರಕ್ಕೆ ಇಳಿಜಾರಾಗಿ ಹಾಕಿದರೆ ಅರ್ಧ ಕಾಟ ಕಡಿಮೆ.

ಮುಂದೆ, ಹೊರಗೋಡೆಯ ನಡುಭಾಗದಲ್ಲಿ (ಮೂಲೆಯಲ್ಲಿ ಬೇಡ) ಮೂರು ಅಡಿ ಚೌಕದ ಒಂದು ತಗ್ಗು ತೋಡಿಸಿ. ಬುನಾದಿಯ ಆಳ, ಅಗಲ ಅಳೆಯಿರಿ. ಅದು ಎರೆ ದಾಟಿ ಗರಸಿಗೆ (ಕೆಳಗಿನ ಗಟ್ಟಿ ಕಲ್ಲುಮಣ್ಣಿಗೆ) ಮುಟ್ಟಿದೆಯೇ ನೋಡಿ. ಎರೆಯಲ್ಲೇ ನಿಂತಿದ್ದರೆ ಮೇಲಿನ ಭಾರಕ್ಕೆ ಹಳೇ ಗೋಡೆಯನ್ನು ನಂಬಬೇಡಿ. ಹೊರಗಿನಿಂದ ಹೊಸ ಪಿಲ್ಲರ್ ಎಬ್ಬಿಸಿ ಅದರ ಮೇಲೆ ಹೊರಿಸುವ ದಾರಿ ಇದೆ, ಆದರೆ ಆ ಪಿಲ್ಲರುಗಳಿಗೂ ಗರಸು ಮುಟ್ಟುವ ಗುಂಡಿಯೋ ಅಂಡರ್‌ರೀಮ್ಡ್ ಪೈಲೋ (ನೆಲದೊಳಗೆ ಇಳಿಸುವ, ಬುಡ ಉಬ್ಬಿದ ಕಾಂಕ್ರೀಟ್ ಕಂಬ) ಬೇಕು. ಖರ್ಚು ನೋಡಿದರೆ ಬಹಳ ಸಲ ಬೇಡ ಅನಿಸುತ್ತದೆ.

ಗರಸು ಮುಟ್ಟಿದ್ದರೆ ಭಾರದ ಲೆಕ್ಕ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಹತ್ತು ಅಡಿ ಎತ್ತರಕ್ಕೆ, ಉದ್ದ ಅಡಿಯೊಂದಕ್ಕೆ ಸುಮಾರು ನಾನೂರು ಕಿಲೋ. ಅದೇ ಆರು ಇಂಚಿನ ಎಎಸಿ (ಹಗುರ ಕಾಂಕ್ರೀಟ್) ಬ್ಲಾಕಾದರೆ ಪ್ಲಾಸ್ಟರ್ ಬಿಟ್ಟು ತೊಂಬತ್ತು ಕಿಲೋ. ಐದು ಇಂಚಿನ ಸ್ಲ್ಯಾಬು ಚದರ ಮೀಟರಿಗೆ 310 ಕಿಲೋ, ಜನ ಮತ್ತು ಸಾಮಾನಿಗೆ ಇನ್ನೂ 200. ಹೊಸ ಗೋಡೆ ಕೆಳಗಿನ ಗೋಡೆಯ ನೇರಕ್ಕೇ ಬರಲಿ. ಸ್ಲ್ಯಾಬಿನ ನಡುವೆ ಅರ್ಧ ಗೋಡೆ ಎಬ್ಬಿಸಿ ಬಚ್ಚಲು ಮಾಡುವ ಚಾಳಿಯಿಂದಲೇ ಕೆಳಗಿನ ಛತ್ತು ಬಾಗುವುದು.

ಕಾಗದಪತ್ರ: ಭಾಗ್ಯನಗರ ಪಟ್ಟಣ ಪಂಚಾಯಿತಿ ಆದ್ದರಿಂದ ನಿಮಗೆ 1964ರ ಪುರಸಭೆಗಳ ಕಾಯ್ದೆಯ 187ನೇ ಪ್ರಕರಣ. ಇ-ಖಾತಾ ನಮೂನೆ-3, ಕ್ರಯಪತ್ರ, ಚಾಲ್ತಿ ತೆರಿಗೆ ರಸೀದಿ, ಹಳೇ ಅನುಮೋದಿತ ನಕ್ಷೆ, ನೋಂದಾಯಿತ ಎಂಜಿನಿಯರ್ ಬರೆದ ಹೊಸ ನಕ್ಷೆ, ಕಟ್ಟಡದ ದೃಢತೆ ಪತ್ರ ಸಿದ್ಧ ಮಾಡಿಕೊಳ್ಳಿ. ತೆರಿಗೆ ಕಟ್ಟಿದ ರಸೀದಿ ಅನುಮತಿ ಅಲ್ಲ, ಅದನ್ನು ಹಿಡಿದು ವಾದಿಸಬೇಡಿ. ಅರ್ಜಿ ಹಿಂದೆ ಬರುವ ಮುಖ್ಯ ಕಾರಣ ಒಂದೇ: ನಕ್ಷೆಯಲ್ಲಿ ಹಿತ್ತಲ ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಜಾಗ) ಖಾಲಿ ತೋರಿಸಿರುತ್ತಾರೆ, ಸ್ಥಳದಲ್ಲಿ ಅಲ್ಲಿ ಬಟ್ಟೆ ಒಗೆಯುವ ಕೋಣೆ ಎದ್ದಿರುತ್ತದೆ. ಇರುವುದನ್ನು ಇರುವಂತೆಯೇ ಬರೆಸಿ; ಹೊಸದು ಕೆಂಪು ಬಣ್ಣ, ಕೆಡವುವುದು ಹಳದಿ.

ಪ್ರಶ್ನೆ: ಮಾನ್ವಿಯಲ್ಲಿ ಹತ್ತಡಿ ಓಣಿ. ಮೇಲಿನ ಕೋಣೆಗೆ ಮೆಟ್ಟಿಲನ್ನು ಹೊರಗೆ, ಚರಂಡಿ ಮೇಲೆ ಇಳಿಸಬಹುದೆ? ಓಣಿಯವರೆಲ್ಲ ಹಾಗೇ ಮಾಡಿದ್ದಾರೆ.

ಉತ್ತರ: ಚರಂಡಿ ನಿಮ್ಮ ನಿವೇಶನದ ಒಳಗಿಲ್ಲ; ಅಲ್ಲಿ ಇಳಿಸಿದ್ದು ಒತ್ತುವರಿ. ಓಣಿಯವರದೂ ಅದೇ, ತೆರವಿನ ದಿನ ಗೊತ್ತಾಗುತ್ತದೆ. ಒಳಗೇ ಜಾಗ ಹುಡುಕಿ. ನೆಲದಿಂದ ಛತ್ತಿನ ಮೇಲ್ಭಾಗಕ್ಕೆ ಹತ್ತೂವರೆ ಅಡಿ (3.2 ಮೀಟರ್) ಎಂದಿಟ್ಟುಕೊಳ್ಳಿ. ಒಂದು ಮೆಟ್ಟಿಲ ಏರು 19 ಸೆಂಟಿಮೀಟರ್ ಮೀರಬಾರದು, ಹಾಗಾಗಿ ಹದಿನೇಳು ಏರು ಬರುತ್ತವೆ. ಪಾದ ಇಡುವ ಅಗಲ 25 ಸೆಂ.ಮೀ. ಕನಿಷ್ಠ; ನೇರ ಹೋದರೆ ಹದಿಮೂರು ಅಡಿ ಉದ್ದ ತಿನ್ನುತ್ತದೆ, ನಡುವೆ ತಿರುಗಿಸಿ ಎರಡು ಸಾಲು ಮಾಡಿದರೆ ಉದ್ದ ಕಡಿಮೆ ಸಾಕು, ತಿರುಗುವ ಕಟ್ಟೆಯನ್ನು ಐದು ಅಡಿ ಎತ್ತರದ ಆಸುಪಾಸಿನಲ್ಲಿ ಇಡಿ. ಮೆಟ್ಟಿಲ ಸಾಲಿನ ಅಗಲ ಒಂದು ಮೀಟರ್. ಹತ್ತುವವರ ತಲೆ ಮೇಲೆ 2.2 ಮೀಟರ್ ಖಾಲಿ ಬಿಡಿ. ಸ್ಲ್ಯಾಬಿನ ತೂತು ಚಿಕ್ಕದಾಗಿ ಕೊರೆದು ಆಮೇಲೆ ಹಣೆ ಬಡಿಸಿಕೊಳ್ಳುವವರೇ ಹೆಚ್ಚು. ತೂತಿನ ಸುತ್ತ ಕಬ್ಬಿಣ ಕತ್ತರಿಸುವ ಮುಂಚೆ ಎಂಜಿನಿಯರ್ ಬಂದು ಗುರುತು ಹಾಕಲಿ.

ಪ್ರಶ್ನೆ: ಆನೆಗೊಂದಿಯಲ್ಲಿ ನಮ್ಮ ಮನೆ ಮಾಳಿಗೆ ಮೇಲೆ ಪ್ರವಾಸಿಗರಿಗೆ ಒಂದು ಕೋಣೆ. ಗ್ರಾಮ ಪಂಚಾಯಿತಿ ಪರವಾನಗಿ ಸಾಕೆ?

ಉತ್ತರ: ಸಾಲದು. ಆನೆಗೊಂದಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆ, ಅಲ್ಲಿನ ಒಪ್ಪಿಗೆ ಬೇಕು. ಮನೆ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗಿದ್ದರೆ ಹೊಸ ಕಟ್ಟಡ ನಿಷೇಧ. 2010ರ ತಿದ್ದುಪಡಿಯ ಪ್ರಕಾರ ಇರುವ ಮನೆಯ ಮೇಲೆ ಅಂತಸ್ತು ಏರಿಸುವುದೂ ಹೊಸ ಕಟ್ಟಡವೇ. ರಿಪೇರಿಗೆ ಮಾತ್ರ ಅನುಮತಿ ಸಿಗುತ್ತದೆ. ಅದರಾಚೆಯ 200 ಮೀಟರ್‌ನಲ್ಲಿ ಅರ್ಜಿ ಹಾಕಿ ಒಪ್ಪಿಗೆ ಪಡೆದು ಕಟ್ಟಬಹುದು. ಬಳ್ಳಾರಿ ಕೋಟೆ ಸುತ್ತಲಿನವರಿಗೂ ಇದೇ ಲೆಕ್ಕ.

ಪ್ರಶ್ನೆ: ರಾಯಚೂರು. ಮೇಲಂತಸ್ತಿನ ಬಾಲ್ಕನಿ 11 ಕೆವಿ ತಂತಿಗೆ ಮೂರು ಅಡಿ ಹತ್ತಿರ ಬರುತ್ತದೆ. ತಂತಿಗೆ ಪ್ಲಾಸ್ಟಿಕ್ ಪೈಪು ತೊಡಿಸಿದರೆ ಆದೀತೆ?

ಉತ್ತರ: ಆಗದು. 11 ಕೆವಿ ತಂತಿ ಪಕ್ಕಕ್ಕೆ 1.2 ಮೀಟರ್ (ನಾಲ್ಕು ಅಡಿ), ಮೇಲಕ್ಕೆ 3.7 ಮೀಟರ್ ದೂರ ಇರಬೇಕು. ಅದೂ ತಂತಿ ಗಾಳಿಗೆ ಓಲಾಡಿ ಗೋಡೆಗೆ ಅತಿ ಹತ್ತಿರ ಬಂದಾಗಿನ ಅಳತೆ. ಮನೆಗಳಿಗೆ ಹೋಗುವ ಸಾಧಾರಣ ತಂತಿಗೂ ಪಕ್ಕಕ್ಕೆ 1.2, ಮೇಲಕ್ಕೆ 2.5 ಮೀಟರ್ ಬೇಕು. ಬಾಲ್ಕನಿಯನ್ನು ನಕ್ಷೆಯಲ್ಲೇ ಒಳಕ್ಕೆ ಎಳೆಯಿರಿ, ಇಲ್ಲವೇ ವಿದ್ಯುತ್ ಕಂಪನಿ ಜೆಸ್ಕಾಂನ ಶಾಖಾ ಕಚೇರಿಗೆ ಮಾರ್ಗ ಸ್ಥಳಾಂತರದ ಅರ್ಜಿ ಕೊಡಿ. ಅಂದಾಜು ವೆಚ್ಚ ನೀವೇ ಕಟ್ಟಬೇಕು. ಛತ್ತಿನ ಮೇಲೆ ನಿಂತು ಕಬ್ಬಿಣದ ಟೇಪಿನಿಂದ ತಂತಿಯ ದೂರ ಅಳೆಯಲು ಮಾತ್ರ ಹೋಗಬೇಡಿ, ಆ ಅಳತೆ ಅವರೇ ತೆಗೆಯಲಿ.