ಪಿಸ್ತೂಲು ಕೊಳ್ಳುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಲೈಸೆನ್ಸ್ ಆಗಿದೆ. ಗುರಿ ಅಭ್ಯಾಸಕ್ಕೆಂದು ಮೊದಲ ಸೆಮಿ ಆಟೊಮ್ಯಾಟಿಕ್ ಪಿಸ್ತೂಲು ಕೊಳ್ಳುವವನಿದ್ದೇನೆ. ಗ್ಲಾಕ್, ಬೆರೆಟ್ಟಾ, ಸಿಗ್ ಸಾವರ್, ಸಿಝಡ್ ಎಂದು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಯಾವುದನ್ನು ಆರಿಸಲಿ?

ಉತ್ತರ: ನಾಲ್ಕೂ ಒಳ್ಳೆಯ ಹೆಸರುಗಳೇ. ಆದ್ದರಿಂದ ಹೆಸರನ್ನು ಬದಿಗಿಟ್ಟು ನಿಮ್ಮ ಕೈಯಿಂದ ಶುರುಮಾಡಿ. ಖಾಲಿ ಪಿಸ್ತೂಲನ್ನು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲು ಹಿಡಿಯ ಮೇಲ್ತುದಿಗೆ ಒತ್ತಿ ಕೂರುವಂತೆ ಹಿಡಿಯಿರಿ. ನಳಿಗೆಯೂ ಮುಂದೋಳೂ ಒಂದೇ ಗೆರೆಯಲ್ಲಿರಬೇಕು. ಹಿಡಿತ ಕದಲಿಸದೆಯೇ ತೋರುಬೆರಳ ತುದಿಯ ಮೆತ್ತನೆಯ ಭಾಗ ಟ್ರಿಗರ್ ಮೇಲೆ ಬರಬೇಕು. ಉಗುರಿನ ಅಂಚಷ್ಟೇ ತಲುಪಿದರೆ ಹಿಡಿ ನಿಮಗೆ ದೊಡ್ಡದು, ಎರಡನೆಯ ಗೆಣ್ಣಿನವರೆಗೆ ಒಳಹೋದರೆ ಚಿಕ್ಕದು. ಎರಡರಲ್ಲೂ ಟ್ರಿಗರ್ ಎಳೆಯುವಾಗ ನಳಿಗೆ ಪಕ್ಕಕ್ಕೆ ವಾಲುತ್ತದೆ. ಈಗಿನ ಹಲವು ಪಾಲಿಮರ್ ಪಿಸ್ತೂಲುಗಳಿಗೆ ಹಿಡಿಯ ಹಿಂಬದಿಯ ತುಣುಕು ಬೇರೆ ಬೇರೆ ಅಳತೆಯಲ್ಲಿ ಜೊತೆಗೇ ಬರುತ್ತದೆ. ಅವನ್ನೆಲ್ಲ ಹಾಕಿ ನೋಡಿಯೇ ಬೇಡವೆನ್ನಿ. ಎಡಗೈಯವರಾದರೆ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಬಿಡಿಸುವ ಗುಂಡಿಯನ್ನು ಬಲಬದಿಗೆ ಬದಲಿಸಲು ಬರುತ್ತದೆಯೇ ಕೇಳಿಕೊಳ್ಳಿ.

ಆಮೇಲಿನದು ಟ್ರಿಗರ್. ಗ್ಲಾಕ್ 17ರಂಥ ಸ್ಟ್ರೈಕರ್ ಪಿಸ್ತೂಲಿನಲ್ಲಿ (ಹೊರಗೆ ಹ್ಯಾಮರ್ ಇಲ್ಲದೆ, ಒಳಗಿನ ಸ್ಪ್ರಿಂಗಿನ ಕಡ್ಡಿಯೇ ತೋಟಾಗೆ ಬಡಿಯುವಂಥದ್ದು) ಪ್ರತಿ ಎಳೆತವೂ ಒಂದೇ ತೆರ, ಸುಮಾರು 2.5 ಕೆ.ಜಿ. ಬೆರೆಟ್ಟಾ 92, ಸಿಗ್ ಪಿ226ರಲ್ಲಿ ಹ್ಯಾಮರ್ (ಹಿಂಬದಿಯ ಪುಟ್ಟ ಸುತ್ತಿಗೆ) ಇಳಿದಿದ್ದಾಗ ಮೊದಲ ಎಳೆತ ಉದ್ದ ಮತ್ತು ಭಾರ, 4.5 ಕೆ.ಜಿ.ಯ ಆಸುಪಾಸು, ಎರಡನೆಯದರಿಂದ ಸರಿಸುಮಾರು ಅದರ ಅರ್ಧ. ಅಮೆರಿಕದ ಹಳೆಯ ಸೇನಾ ಪಿಸ್ತೂಲಾದ 1911 ಮಾದರಿಯ ಟ್ರಿಗರ್ ಚುಟುಕಾಗಿ, ಹಗುರಾಗಿ ಬಿಡುತ್ತದೆ, ಆದರೆ ಸೇಫ್ಟಿಯ ಶಿಸ್ತು ಬೆರಳಿಗೆ ರೂಢಿಯಾಗಿರಬೇಕು. ಹೊಸಬರಿಗೆ ಪ್ರತಿ ಸಲವೂ ಒಂದೇ ರೀತಿಯ ಎಳೆತವೇ ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ.

ತೂಕವನ್ನೂ ಗಮನಿಸಿ. ಖಾಲಿ ಇದ್ದಾಗ ಉಕ್ಕಿನ 1911 ಸುಮಾರು 1.1 ಕೆ.ಜಿ., ಬೆರೆಟ್ಟಾ 92 ಸುಮಾರು 950 ಗ್ರಾಂ, ಗ್ಲಾಕ್ 17 ಸುಮಾರು 630 ಗ್ರಾಂ. ಭಾರದ್ದು ಕಡಿಮೆ ಒದೆಯುತ್ತದೆ, ತೋಳನ್ನು ಬೇಗ ದಣಿಸುತ್ತದೆ. ಅಂಗೈಯಲ್ಲಿ ಅಡಗುವಂಥ ಪುಟ್ಟ ಪಿಸ್ತೂಲಿನಿಂದ ಮಾತ್ರ ಕಲಿಕೆ ಆರಂಭಿಸಬೇಡಿ. ಅದರಲ್ಲಿ ಕಿರುಬೆರಳಿಗೆ ಜಾಗವಿಲ್ಲ, ಗುರಿ ಹಿಡಿಯುವ ಎರಡು ಸೈಟ್‌ಗಳ ನಡುವಿನ ಅಂತರ ಕಡಿಮೆ, ಒದೆತ ಜೋರು.

ಪ್ರಶ್ನೆ: ಬಳಸಿದ ಪಿಸ್ತೂಲೊಂದು ಒಳ್ಳೆಯ ಬೆಲೆಗೆ ಸಿಗುತ್ತಿದೆ. ನೋಡಲು ಹೊಸದರಂತೆ ಹೊಳೆಯುತ್ತದೆ. ಅಂಗಡಿಯಲ್ಲೇ ಏನೇನು ಪರೀಕ್ಷಿಸಬಹುದು?

ಉತ್ತರ: ಹೊಳಪೇ ಮೊದಲ ಅನುಮಾನ. ಕೊರೆದ ಅಕ್ಷರಗಳ ಅಂಚು ಮಸುಕಾಗಿದ್ದರೆ, ಸ್ಕ್ರೂಗಳ ತಲೆಯ ಸೀಳು ಕಿತ್ತುಹೋಗಿದ್ದರೆ, ಯಾರೋ ಉಜ್ಜಿ ಮತ್ತೆ ಬಣ್ಣ ಕೊಟ್ಟಿದ್ದಾರೆ. ಅದಕ್ಕಿಂತ ನಳಿಗೆಯ ತುದಿಯಲ್ಲೂ ಸ್ಲೈಡಿನ (ಹಿಂದೆ ಮುಂದೆ ಜಾರುವ ಮೇಲ್ಭಾಗದ) ಅಂಚುಗಳಲ್ಲೂ ಮಾತ್ರ ಬಣ್ಣ ಸವೆದ ಪಿಸ್ತೂಲೇ ವಾಸಿ: ಹೋಲ್‌ಸ್ಟರಿನಲ್ಲಿ ಓಡಾಡಿದ್ದು ಹೆಚ್ಚು, ಗುಂಡು ಹಾರಿಸಿದ್ದು ಕಡಿಮೆ ಇರಬಹುದು. ಸೀರಿಯಲ್ ನಂಬರು ಉಜ್ಜಿರುವುದನ್ನು ಕಂಡರೆ ಬೆಲೆ ಎಷ್ಟೇ ಕಡಿಮೆಯಿರಲಿ, ಅಲ್ಲಿಂದ ಎದ್ದುಬನ್ನಿ.

ಮುಟ್ಟಿದೊಡನೆ ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಸ್ಲೈಡ್ ಹಿಂದೆಳೆದು ನಿಲ್ಲಿಸಿ. ಈ ಕ್ರಮ ತಪ್ಪಿದರೆ ಮ್ಯಾಗಜೀನಿನ ಗುಂಡು ಚೇಂಬರಿಗೆ (ನಳಿಗೆಯ ಹಿಂಬದಿಯಲ್ಲಿ ಗುಂಡು ಕೂರುವ ಜಾಗಕ್ಕೆ) ಏರಿಬಿಡುತ್ತದೆ. ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದಲೂ ಮುಟ್ಟಿ ಖಾಲಿಯೆಂದು ಖಾತ್ರಿ ಮಾಡಿಕೊಳ್ಳಿ. ಮಾಲೀಕರ ಒಪ್ಪಿಗೆ ಪಡೆದು ಪಿಸ್ತೂಲು ಬಿಚ್ಚಿ.

ಬಿಡಿಸಿದ ನಳಿಗೆಯನ್ನು ಬೆಳಕಿಗೆ ಹಿಡಿಯಿರಿ. ರೈಫ್ಲಿಂಗಿನ (ಒಳಗಿನ ಸುರುಳಿ ಗೀರುಗಳ) ಏಣುಗಳು ಚೂಪಾಗಿ ಕಾಣಬೇಕು (ಗ್ಲಾಕಿನ ಬಹುಕೋನದ ನಳಿಗೆಯಲ್ಲಿ ಏಣುಗಳು ಮೊದಲಿಂದಲೂ ಉರುಟು, ಅದನ್ನು ಸವಕಳಿ ಎಂದುಕೊಳ್ಳಬೇಡಿ). ತುಕ್ಕು ತಿಂದ ಗುಳಿಗಳಿರಬಾರದು. ನಡುವೆ ಎಲ್ಲಾದರೂ ಬಳೆಯಂತೆ ಕಪ್ಪು ಉಂಗುರ ಕಂಡರೆ ಅದು ಉಬ್ಬು. ಒಳಗೆ ಸಿಕ್ಕಿಕೊಂಡ ಗುಂಡಿನ ಹಿಂದೆಯೇ ಇನ್ನೊಂದು ಹಾರಿಸಿದ್ದರ ಗುರುತು ಅದು. ಆ ನಳಿಗೆ ಬೇಡ. ಎಕ್ಸ್‌ಟ್ರಾಕ್ಟರಿನ (ಖಾಲಿ ಕೇಸನ್ನು ಹೊರಗೆಳೆಯುವ ಭಾಗದ) ಕೊಕ್ಕೆ ಮುಕ್ಕಾಗಿರಬಾರದು. ಫ್ರೇಮಿನಲ್ಲಿ ಸ್ಲೈಡನ್ನು ಹಿಂದೆ ನಿಲ್ಲಿಸುವ ಸ್ಲೈಡ್ ಸ್ಟಾಪಿನ ರಂಧ್ರದ ಸುತ್ತ, ಸ್ಲೈಡ್ ಜಾರುವ ರೈಲುಗಳ ಬುಡದಲ್ಲಿ ಭೂತಗನ್ನಡಿ ಇಟ್ಟು ಬಿರುಕು ಹುಡುಕಿ. ಬೆರೆಟ್ಟಾ 92 ಆದರೆ ನಳಿಗೆಯ ಕೆಳಗಿನ ಲಾಕಿಂಗ್ ಬ್ಲಾಕಿನ ಎರಡು ಕಿವಿಗಳನ್ನೂ ನೋಡಿ. ಬಹಳ ಗುಂಡು ಕಂಡ ಮೇಲೆ ಮುರಿಯುವ ಭಾಗ ಅದು.

ಮತ್ತೆ ಜೋಡಿಸಿ, ಖಾಲಿಯೆಂದು ಇನ್ನೊಮ್ಮೆ ಖಾತ್ರಿ ಮಾಡಿಕೊಂಡು, ನಳಿಗೆಯನ್ನು ಸುರಕ್ಷಿತ ದಿಕ್ಕಿಗಿಟ್ಟು ಕೆಲಸ ಪರೀಕ್ಷಿಸಿ. ಟ್ರಿಗರ್ ಒತ್ತಿ ಹಿಡಿದೇ ಸ್ಲೈಡ್ ಎಳೆದು ಬಿಡಿ: ಹ್ಯಾಮರ್ ಸ್ಲೈಡಿನ ಜೊತೆ ಬೀಳದೆ ಎದ್ದೇ ನಿಲ್ಲಬೇಕು, ಟ್ರಿಗರನ್ನು ನಿಧಾನ ಬಿಟ್ಟಾಗ 'ಟಿಕ್' ಎನ್ನಬೇಕು. ಸ್ಲೈಡನ್ನು ಅರ್ಧ ಸೆಂಟಿಮೀಟರಿನಷ್ಟು ಹಿಂದೆ ಹಿಡಿದು ಟ್ರಿಗರ್ ಒತ್ತಿ: ಹ್ಯಾಮರ್ ಬೀಳಬಾರದು. 1911ರಲ್ಲಿ ಹ್ಯಾಮರ್ ಎತ್ತಿ, ಸೇಫ್ಟಿ ಹಾಕಿ, ಟ್ರಿಗರನ್ನು ಗಟ್ಟಿಯಾಗಿ ಒತ್ತಿ ಬಿಡಿ. ಆಮೇಲೆ ಸೇಫ್ಟಿ ತೆಗೆದು, ಹ್ಯಾಮರನ್ನು ಕೂದಲೆಳೆಯಷ್ಟು ಹಿಂದೆಳೆದು ಕಿವಿಗೊಡಿ. ಸಣ್ಣ ಸದ್ದು ಕೇಳಿದರೆ ಸೇಫ್ಟಿ ಇದ್ದಾಗಲೂ ಸಿಯರ್ (ಹ್ಯಾಮರನ್ನು ಹಿಡಿದಿಡುವ ಕೊಂಡಿ) ಜರುಗಿದೆ ಎಂದರ್ಥ, ಆ ಸೇಫ್ಟಿಯನ್ನು ನಂಬುವಂತಿಲ್ಲ. ಕೊನೆಗೆ ಮೂತಿಯನ್ನು ಮೇಲಕ್ಕೆ ಓರೆಯಾಗಿಸಿ ಸ್ಲೈಡನ್ನು ಕೈಯಲ್ಲೇ ನಿಧಾನ ಮುಂದೆ ಬಿಡಿ. ಪೂರ್ತಿ ಮುಚ್ಚದೆ ನಿಂತರೆ ಸ್ಲೈಡನ್ನು ಮುಂದೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಸೊರಗಿದೆ ಅಥವಾ ಒಳಗೆ ಕೊಳೆ ಕೂತಿದೆ. ಸ್ಪ್ರಿಂಗ್ ಬದಲಿಸುವುದು ಸಣ್ಣ ಖರ್ಚು, ಅದೊಂದಕ್ಕೇ ಪಿಸ್ತೂಲು ಬಿಡಬೇಕಿಲ್ಲ.

ಪ್ರಶ್ನೆ: ನಾನು ನೋಡಿದ ಪಿಸ್ತೂಲಿನ ಸ್ಲೈಡ್ ಅಲುಗಾಡಿಸಿದರೆ ಗಲಗಲ ಎನ್ನುತ್ತದೆ. ಸವೆದಿದೆಯೇ?

ಉತ್ತರ: ಅಷ್ಟರಿಂದಲೇ ಹೇಳಲಾಗದು. ಸೇನೆಗಾಗಿ ಮಾಡಿದ ಪಿಸ್ತೂಲುಗಳಲ್ಲಿ ಮರಳು, ಮಸಿ ಸೇರಿದರೂ ಓಡಲೆಂದು ಸ್ವಲ್ಪ ಸಡಿಲ ಇಟ್ಟಿರುತ್ತಾರೆ. ಮುಖ್ಯವಾದದ್ದು ನಳಿಗೆಯ ಬಿಗಿ. ಸ್ಲೈಡ್ ಮುಚ್ಚಿದ್ದಾಗ, ಖಾಲಿ ಕೇಸ್ ಹೊರಬೀಳುವ ಕಿಂಡಿಯಲ್ಲಿ ಕಾಣುವ ಚೇಂಬರಿನ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಕೆಳಕ್ಕೆ ಒತ್ತಿ. ಸ್ಪ್ರಿಂಗಿನಂತೆ ತಗ್ಗಿ ಎದ್ದರೆ ಬಿಗಿ ಸಾಲದು, ಗುಂಡುಗಳು ಚದುರುತ್ತವೆ.

ಪ್ರಶ್ನೆ: ಗುಂಡಿಲ್ಲದೆ ಟ್ರಿಗರ್ ಎಳೆದು ನೋಡಿದರೆ ಹಾಳಾಗುತ್ತದೆಯೇ?

ಉತ್ತರ: ಈಗಿನ ಬಹುತೇಕ 9 ಮಿ.ಮೀ. ಪಿಸ್ತೂಲುಗಳಿಗೆ ಸಾಮಾನ್ಯವಾಗಿ ಏನೂ ಆಗದು. .22 (ತೋಟಾದ ಅಂಚಿಗೆ ಬಡಿದು ಹಾರಿಸುವ) ರಿಮ್‌ಫೈರಿನಲ್ಲಿ ಫೈರಿಂಗ್ ಪಿನ್ ಚೇಂಬರಿನ ಅಂಚಿಗೇ ಬಡಿಯಬಹುದು, ಅಲ್ಲಿ ಡಮ್ಮಿ ತೋಟಾ ಹಾಕಿಯೇ ಎಳೆಯಿರಿ. ಖಾಲಿ ಚೇಂಬರಿನ ಮೇಲೆ ಸ್ಲೈಡನ್ನು ಧಡ್ ಎಂದು ಬೀಳಿಸುವುದು ಬೇರೆ ಮಾತು. 1911ರಲ್ಲಿ ಅದರಿಂದ ಸಿಯರ್ ಮತ್ತು ಹ್ಯಾಮರಿನ ನಯವಾದ ಅಂಚುಗಳು ಕೆಡಬಹುದು, ಮಾಲೀಕರು ಬೈದರೆ ತಪ್ಪಿಲ್ಲ.

ಪ್ರಶ್ನೆ: ಎಷ್ಟು ಗುಂಡು ಹಾರಿಸಿದ ಮೇಲೆ ಪಿಸ್ತೂಲನ್ನು ನಂಬಬಹುದು?

ಉತ್ತರ: ಕಂಪನಿಯ ತೋಟಾದಲ್ಲಿ ಕನಿಷ್ಠ 200. ಅದರಲ್ಲಿ 50 ನೀವು ಮುಂದೆ ಬಳಸುವ ತೋಟಾವೇ ಆಗಿರಲಿ. ಮ್ಯಾಗಜೀನುಗಳ ಮೇಲೆ 1, 2 ಎಂದು ಗುರುತು ಹಾಕಿ. ತೊಂದರೆ ಒಂದೇ ಮ್ಯಾಗಜೀನಿನಲ್ಲಿ ಮರುಕಳಿಸಿದರೆ ಪಿಸ್ತೂಲಲ್ಲ, ಅದರ ತುಟಿಗಳೋ ಸ್ಪ್ರಿಂಗೋ ಕಾರಣ. ಸೆಮಿ ಆಟೊಮ್ಯಾಟಿಕ್ಕಿನ ಬಹಳಷ್ಟು ತಕರಾರುಗಳ ಬೇರು ಅಲ್ಲೇ ಇರುತ್ತದೆ. ಖಾಲಿ ಕೇಸ್ ಚೇಂಬರಿನಲ್ಲೇ ಉಳಿದರೆ ಎಕ್ಸ್‌ಟ್ರಾಕ್ಟರ್ ನೋಡಿ, ಚೇಂಬರ್ ಕೊಳೆಯಾಗಿದೆಯೇ ನೋಡಿ. ಕೇಸ್ ಕಿಂಡಿಯಲ್ಲಿ ನೆಟ್ಟಗೆ ಸಿಕ್ಕಿಕೊಂಡರೆ ನಿಮ್ಮ ಮಣಿಕಟ್ಟು ಸಡಿಲವಿರಬಹುದು, ಅನುಭವಿಗಳೊಬ್ಬರ ಕೈಗೆ ಕೊಟ್ಟು ಹಾರಿಸಿ ನೋಡಿ. ನಿಖರತೆಗೆ ಕೈಯನ್ನು ಮರಳಿನ ಚೀಲದ ಮೇಲಿಟ್ಟು 25 ಮೀಟರಿನಲ್ಲಿ 5 ಗುಂಡು ಹಾರಿಸಿ. 10 ಸೆಂ.ಮೀ. ಒಳಗೆ ಬಿದ್ದರೆ ಸೇವಾ ಪಿಸ್ತೂಲಿಗೆ ಸಾಕು.

ಪರೀಕ್ಷೆಯ ನಡುವೆ 'ಟಿಕ್' ಎಂದು ಗುಂಡು ಹಾರದಿದ್ದರೆ ಮೂತಿಯನ್ನು ಗುರಿಯತ್ತಲೇ ಇಟ್ಟು 30 ಸೆಕೆಂಡು ಕಾಯಿರಿ, ಆಮೇಲೆ ತೆಗೆಯಿರಿ. ಸದ್ದು ಎಂದಿಗಿಂತ ಮೆತ್ತಗೆ ಬಂದರಂತೂ ಅಲ್ಲಿಗೇ ನಿಲ್ಲಿಸಿ, ಪಿಸ್ತೂಲು ಖಾಲಿ ಮಾಡಿ, ಬಿಚ್ಚಿ, ನಳಿಗೆಯಲ್ಲಿ ಬೆಳಕು ಹಾಯುವುದನ್ನು ಕಂಡ ಮೇಲಷ್ಟೇ ಮುಂದಿನ ಗುಂಡು ತುಂಬಿ.